ಮರಿಯನ್ನು ಮಾತಾಡಿಸಲು ಬಂದ ಶಂಕ್ರವ್ವ

ಹುಕ್ಕೇರಿ, ೧೯೯೯

…ಜಡ್ಡು ಬಂದು ಮಲಗಿದವರನ್ನು ಮಾತಾಡಿಸುವುದನ್ನು ನಾಳೆಗೆ ಇಡಬಾರದು ಎಂದೇನೋ ನೀನು ಹೇಳುತ್ತಿದ್ದೆ, ಅವ್ವಾ. ನಮ್ಮ ಓಣಿ ಅದನ್ನು ಇನ್ನೂ ಮರೆತಿಲ್ಲ. ನನ್ನ ನಾಯಿಮರಿಗೆ ರಕ್ತಭೇದಿ ಹತ್ತಿದೆ ಎಂದು ತಿಳಿದದ್ದೇ ತಡ, ಬಾಜೂ ಮನೆಯ ಶಂಕ್ರವ್ವ ಗಂಜಿ ಹಿಡಿದು ಬಂದಳು. ಅವಳ ಮನೆಯಲ್ಲೂ ಅದೇ ಸೂಲಿನ ಮರಿಯೊಂದಿದೆ.

ಪಶುವೈದ್ಯರು ಮೊದಲೇ ಎಚ್ಚರಿಸಿದ್ದರು: "ಇದು ಪಾರ್ವೋ ರೀ. ಚಪ್ಪಲಿ, ಸೀರಿ ಸೆರಗು, ಯಾವುದಕ್ಕ ಹತ್ತಿದ್ರೂ ಮತ್ತೊಂದು ಮನಿಗೆ ಹೋಗತೈತಿ. ವೈರಸ್ಸು ರೂಪಾ ಬದಲಿಸ್ಕೋಂತ ಬಂದೈತಿ, ಆದ್ರೂ ಲಸಿಕಿ ತಡೀತೈತಿ. ಉಳದ ಮರಿಗೋಳಿಗೆ ಹಾಕಸ್ರಿ. ನಾಯಿ ಸಾಕಿದವರನ್ನ ಒಳಗ ಬಿಡಬ್ಯಾಡ್ರಿ."

ಹಾಗಾಗಿ ನಾನು ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದಲೇ ಕಾರಣ ಹೇಳಿದೆ.

"ನಾ ಏನ್ ಅದರ ಗಂಜಿ ಕಸ್ಕೊಂಡು ಕುಡ್ಯಾಕ ಬಂದೇನೇನೋ, ತಮ್ಮಾ?" ಎಂದು ಶಂಕ್ರವ್ವ ಬೈದಳು. ಆದರೆ ಹೋಗಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು, ಕಿಟಕಿಯತ್ತ ಮುಖ ಮಾಡಿ ಮರಿಯನ್ನೇ ಮಾತಾಡಿಸತೊಡಗಿದಳು. "ಏಳೋ ಹುಚ್ಚಪ್ಪಾ. ನಿಮ್ಮಣ್ಣ ಒಬ್ಬನಽ ನನ್ನ ಚಪ್ಪಲಿ ಕಡದು ಕಡದು ಬ್ಯಾಸತ್ತಾನ."

ಬೆಳಗಿನಿಂದ ತಲೆಯೆತ್ತದಿದ್ದ ಮರಿ ಅವಳ ದನಿಗೆ ಕಿವಿ ನಿಮಿರಿಸಿತು. ಅದು ಬದುಕುತ್ತದೆಯೋ ಇಲ್ಲವೋ ವೈದ್ಯರೂ ಹೇಳಲಾರರು. ಅದರ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ನಿನ್ನ ಕೊನೆಯ ದಿನ ಬೆಳಗಾವಿಯ ಆಸ್ಪತ್ರೆಯಲ್ಲಿ ನಿನ್ನ ಕೋಣೆಯ ಗಾಜಿನ ಬಾಗಿಲಾಚೆ ನಮ್ಮನ್ನು ನಿಲ್ಲಿಸಿದ್ದರು. ಒಳಗೆ ಹೋಗುವಂತಿರಲಿಲ್ಲ. ನಾನು ಸುಮ್ಮನೆ ನಿಂತಿದ್ದೆ. ಅವ್ವಾ, ಆಗ ಹೊರಗಿನಿಂದ ಕರೆದಿದ್ದರೆ ನಿನಗೆ ಕೇಳುತ್ತಿತ್ತೇ?