ನನ್ನನ್ನು ಬಲ್ಲವರು ಒಬ್ಬರಾದರೂ ಬೇಕಂತೆ

ಪೌರತ್ವ ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಈ ದೇಶದಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲ ಎಂಬುದನ್ನು ಮೊಹರು ಒತ್ತಿ ಲಿಖಿತವಾಗಿ ತಿಳಿಸಿದ್ದಕ್ಕೆ ವಂದನೆಗಳು. ಅನುಮಾನವಂತೂ ನನಗೂ ಇತ್ತು. ರಜೆಯ ಮಧ್ಯಾಹ್ನ ಪಾರ್ಕಿನ ಬೆಂಚಿನಲ್ಲಿ ಒಬ್ಬಳೇ ಕೂತಾಗ ಹಾಗನ್ನಿಸಿದ್ದುಂಟು. ಆದರೆ ಸರ್ಕಾರವೇ ಕೂಲಂಕಷವಾಗಿ ಪರಿಶೀಲಿಸಿ, ಹೌದು, ಇವಳಿಗೆ ಯಾರೂ ಇಲ್ಲ ಎಂದು ದೃಢೀಕರಿಸುತ್ತದೆ ಎಂದುಕೊಂಡಿರಲಿಲ್ಲ. ಹದಿನಾಲ್ಕು ವರ್ಷ ಇಲ್ಲಿ ದುಡಿದವಳ ಅರ್ಜಿಯನ್ನು ನೀವು ಎರಡನೆಯ ಸಲ ಹಿಂದಿರುಗಿಸಿದ್ದೀರಿ. ತೆರಿಗೆ ಸರಿಯಿದೆ, ಪೊಲೀಸರ ಪ್ರಮಾಣಪತ್ರ ಸರಿಯಿದೆ, ಭಾಷೆಯ ಪರೀಕ್ಷೆಯಲ್ಲಿ ಪಾಸಾಗಿದ್ದೇನೆ. ಕೊರತೆ ಒಂದೇ. ಅರ್ಜಿದಾರರನ್ನು ಕನಿಷ್ಠ ಐದು ವರ್ಷಗಳಿಂದ ಹತ್ತಿರದಿಂದ ಬಲ್ಲ, ರಕ್ತಸಂಬಂಧಿಯಲ್ಲದ, ಈ ದೇಶದ ಪ್ರಜೆಯಾದ ಒಬ್ಬರು ಸಹಿ ಹಾಕಬೇಕು. ಅಂಥ ಒಬ್ಬರನ್ನು ನಾನು ತರಲಿಲ್ಲ. ಯಾಕೆ ತರಲಿಲ್ಲ ಎಂದು ನಿಮಗೆ ಖಾಸಗಿಯಾಗಿ ಬರೆದರೆ ಆ ಕಾಗದವೂ ಕಡತದಲ್ಲಿ ಕೊಳೆಯುತ್ತದೆ. ಅದಕ್ಕೇ ನಾಲ್ಕು ಜನ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ಹಾಸಿಗೆ ಹಿಡಿದ ವೃದ್ಧರ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುವುದು. ಮಗ್ಗುಲು ಹೊರಳಿಸುವುದು, ಮೈ ಒರೆಸುವುದು, ಮಾತ್ರೆ ನುಂಗಿಸುವುದು, ಹೇಳಿದ ಕತೆಯನ್ನೇ ಮತ್ತೆ ಹೇಳಿದಾಗ ಮೊದಲ ಸಲ ಕೇಳಿದವಳ ಹಾಗೆ "ಹೌದಾ?" ಎನ್ನುವುದು. ವಾಸಿಯಾಗುವ ಕಾಯಿಲೆಯವರು ನಮ್ಮನ್ನು ಕರೆಯುವುದಿಲ್ಲ. ಡಾಕ್ಟರು ಕೈಚೆಲ್ಲಿದ ಮೇಲೆ ನಮ್ಮ ಸರದಿ. ಇನ್ನು ನಿಮ್ಮ ಇಲಾಖೆಯ ಜಾಣ್ಮೆ ನೋಡಿ. ನನ್ನ ವೀಸಾ ಇರುವುದು ನಾನು ನೋಡಿಕೊಳ್ಳುವವರ ಉಸಿರಿನ ಮೇಲೆ. ಅವರು ಕಣ್ಣುಮುಚ್ಚಿದ ದಿನದಿಂದ ಎರಡು ತಿಂಗಳೊಳಗೆ, ಸಾವಿಗೆ ಹತ್ತಿರವಾದ ಇನ್ನೊಬ್ಬರನ್ನು ನಾನು ಹುಡುಕಿಕೊಳ್ಳಬೇಕು. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಹತ್ತಿರದವರು ಹೋದಾಗ ಮನುಷ್ಯರು ಅಳುತ್ತಾರೆ. ನಾನು ಕಣ್ಣೊರೆಸಿಕೊಳ್ಳುತ್ತಾ, ಮುಂದಿನ ಮನೆ ಹುಡುಕಿಕೊಡಿ ಎಂದು ಏಜೆನ್ಸಿಗೆ ಫೋನ್ ಮಾಡಿದ್ದೇನೆ.

ನನ್ನನ್ನು ಬಲ್ಲವರು ಇರಲೇ ಇಲ್ಲ ಎಂದಲ್ಲ. ಹಡಗಿನ ಇಂಜಿನಿಯರಾಗಿದ್ದ ಅಜ್ಜನಿಗೆ ಕಣ್ಣು ಕಾಣುತ್ತಿರಲಿಲ್ಲ. ನನ್ನ ಹೆಜ್ಜೆ ಸಪ್ಪಳ ಕೇಳಿಯೇ, "ಯಾಕಮ್ಮಾ, ಊರಿಂದ ಫೋನ್ ಬಂದಿತ್ತಾ?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಬಂದೇ ಇರುತ್ತಿತ್ತು. ಅವರಾದ ಮೇಲೆ ಇಬ್ಬರು ಅಕ್ಕತಂಗಿಯರು. ಒಂದೇ ಕೋಣೆಯಲ್ಲಿ ಮಲಗಿ, ಯಾವುದೋ ಕಾಲದ ಸಿಟ್ಟಿಗೆ ಮಾತು ಬಿಟ್ಟಿದ್ದವರು. "ಅವಳಿಗೆ ಹೇಳು, ಕಿಟಕಿ ಮುಚ್ಚಲಿ" ಎಂದು ಅಕ್ಕ ಅಂದರೆ, ಎರಡು ಮಾರು ದೂರದ ತಂಗಿಗೆ ನಾನು ತಲುಪಿಸಬೇಕು. ತಂಗಿ ತೀರಿಕೊಂಡ ದಿನ ಅಕ್ಕ ನನ್ನ ಕೈ ಬಿಡಲೇ ಇಲ್ಲ. ಆಮೇಲೆ ಸಂಗೀತದ ಮೇಷ್ಟ್ರು. ನಾನು ಪಾತ್ರೆ ತೊಳೆಯುವಾಗ ಗುನುಗಿದರೆ ಒಳಗಿನಿಂದ, "ಶ್ರುತಿ ಎಲ್ಲಿ ಹೋಯ್ತು?" ಎಂದು ಗದರುತ್ತಿದ್ದರು. ಇವರೆಲ್ಲ ನನ್ನ ಒಳಹೊರಗು ಬಲ್ಲವರು. ಆದರೆ ಯಾರೂ ಐದು ವರ್ಷ ಇರಲಿಲ್ಲ, ಈಗಂತೂ ಒಬ್ಬರೂ ಇಲ್ಲ.

ಮೊದಲ ಸಲ ಅರ್ಜಿ ವಾಪಸು ಬಂದಾಗ ನಿಮ್ಮ ಕಚೇರಿಗೇ ಬಂದಿದ್ದೆ. ಗಾಜಿನ ಹಿಂದೆ ಕೂತಿದ್ದ ಹುಡುಗಿ ಒಳ್ಳೆಯವಳು.

"ಪರಿಚಯದವರು ಅಂತ ಯಾರಾದ್ರೂ ಇರ್ತಾರಲ್ಲ ಮೇಡಂ," ಎಂದಳು.

"ಇದ್ರು."

"ಈಗೆಲ್ಲಿದ್ದಾರೆ?"

"ತೀರ್ಕೊಂಡ್ರು."

"ಎಲ್ಲರೂನಾ?"

"ಎಲ್ಲರೂ."

ಅವಳು ತನಗೇ ಅರಿವಿಲ್ಲದೆ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡಳು. ಇಷ್ಟು ಜನರನ್ನು ಸಾಲಾಗಿ ಬೀಳ್ಕೊಟ್ಟವಳು ಎದುರಿಗೆ ನಿಂತರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ, ಅವಳದೇನೂ ತಪ್ಪಿಲ್ಲ. ಆಮೇಲೆ, "ಫ್ರೆಂಡ್ಸ್ ಮಾಡ್ಕೋಬೇಕಿತ್ತು ಮೇಡಂ," ಎಂದಳು, ಪಾಪ, ಕಳಕಳಿಯಿಂದಲೇ. ವಾರಕ್ಕೊಂದು ಮಧ್ಯಾಹ್ನ ಬಿಡುವು ಇರುವವಳು, ಒಬ್ಬರು ಸತ್ತ ಕೂಡಲೇ ಊರಿನ ಇನ್ನೊಂದು ಮೂಲೆಗೆ ಪೆಟ್ಟಿಗೆ ಹೊತ್ತು ಹೋಗುವವಳು, ಯಾರ ಜೊತೆ ಸ್ನೇಹ ಮಾಡಬೇಕಿತ್ತು? ಪಾರ್ಕಿನಲ್ಲಿ ಸಿಗುವ ನಮ್ಮ ಕಡೆಯ ಹೆಂಗಸರ ಜೊತೆಯೇ? ಅವರ ಹತ್ತಿರವೂ ಇರುವುದು ನನ್ನ ಹತ್ತಿರ ಇರುವಂಥದೇ ವೀಸಾ. ಅವರು ನನಗೆ ಸಾಕ್ಷಿ ಹೇಳಿದರೆ, ಮುಳುಗುವವಳನ್ನು ಮುಳುಗುವವಳೇ ಎತ್ತಿದ ಹಾಗೆ.

ನಿಮ್ಮ ಜಾಲತಾಣದ 'ಪದೇಪದೇ ಕೇಳಲಾಗುವ ಪ್ರಶ್ನೆಗಳು' ಪುಟವನ್ನೂ ಓದಿದೆ. ಬಹಳ ಸೊಗಸಾಗಿದೆ. ಪರಿಚಿತರು ವಿಳಾಸ ಬದಲಿಸಿದ್ದರೆ ಏನು ಮಾಡಬೇಕು, ಮದುವೆಯಾಗಿ ಹೆಸರು ಬದಲಾಗಿದ್ದರೆ ಏನು, ಪ್ರವಾಸದಲ್ಲಿದ್ದರೆ ಏನು, ಎಲ್ಲಕ್ಕೂ ಉತ್ತರವಿದೆ. ಪರಿಚಿತರು ಸತ್ತುಹೋಗಿದ್ದರೆ ಎಂಬ ಪ್ರಶ್ನೆ ಮಾತ್ರ ಇಲ್ಲ. ಪದೇಪದೇ ಯಾರೂ ಕೇಳಿಲ್ಲವೇನೋ. ಹಾಗಿದ್ದರೆ ನಾನೊಬ್ಬಳೇ ಕೇಳುತ್ತಿದ್ದೇನೆ, ದಯವಿಟ್ಟು ಬರೆದುಕೊಳ್ಳಿ.

ಬದುಕಿದ್ದವರನ್ನು ಕೇಳಲಿಲ್ಲ ಎನ್ನಬೇಡಿ. ಸಂಗೀತದ ಮೇಷ್ಟ್ರ ಮಗನಿಗೆ ಫೋನ್ ಮಾಡಿದೆ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯವರು, ಸಜ್ಜನರು. "ಅಪ್ಪನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ ನೀವು, ಮರೆಯೋ ಹಾಗೇ ಇಲ್ಲ," ಎಂದರು. ಸಹಿಯ ವಿಷಯ ಹೇಳಿದೆ. "ನೋಡಿ, ತಪ್ಪು ತಿಳೀಬೇಡಿ. ನಾನು ಬರ್ತಿದ್ದಿದ್ದೇ ವರ್ಷಕ್ಕೆ ಎರಡು ಸಲ. ನಿಮ್ಮನ್ನ ಹತ್ತಿರದಿಂದ ಬಲ್ಲೆ ಅಂತ ಹೇಗೆ ಬರೀಲಿ?" ಎಂದರು. ಫೋನ್ ಇಡುವ ಮುಂಚೆ ಮೆಲ್ಲಗೆ ನನ್ನ ಹೆಸರು ಕೇಳಿದರು. ಅವರ ಪ್ರಾಮಾಣಿಕತೆಯನ್ನು ದೂರುವುದಿಲ್ಲ, ಆದರೆ ಆ ದಿನ ನನಗೆ ಊಟ ಸೇರಲಿಲ್ಲ.

ಈಗ ಟಿಕೆಟ್ ಅಜ್ಜಿಯ ವಿಷಯಕ್ಕೆ ಬರುತ್ತೇನೆ, ಈ ಪತ್ರ ಬರೆಯುತ್ತಿರುವುದೇ ಅವರಿಗಾಗಿ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಮಕ್ಕಳಿಲ್ಲ, ದೂರದ ಅಣ್ಣನ ಮಗಳೊಬ್ಬಳು ಅಪರೂಪಕ್ಕೆ ಬಂದು ಹೋಗುತ್ತಿದ್ದಳು. ಹೆಚ್ಚೆಂದರೆ ಆರು ತಿಂಗಳು ಎಂದು ಡಾಕ್ಟರು ಹೇಳಿದ ಮೇಲೆ ನಾನು ಆ ಮನೆಗೆ ಹೋದೆ. ಬದುಕುವ ಆಸೆ ಅವರಿಗೇನೂ ಇರಲಿಲ್ಲ. ನಾನು ಕೊಟ್ಟ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು, ನಾನು ಆಚೆ ಹೋದ ಕೂಡಲೇ ಹೂವಿನ ಕುಂಡಕ್ಕೆ ಉಗಿಯುತ್ತಿದ್ದರು. ಮೊದಲ ಸಲ ಅರ್ಜಿ ವಾಪಸು ಬಂದ ದಿನ ನನ್ನ ಮುಖ ನೋಡಿ ವಿಷಯ ಬಾಯಿಬಿಡಿಸಿದರು.

"ಅಷ್ಟೇನಾ? ತಗೊಂಡು ಬಾ, ನಾನು ಹಾಕ್ತೀನಿ ಸಹಿ."

"ನಾನು ಬಂದು ಇನ್ನೂ ಮೂರು ತಿಂಗಳು ಅಜ್ಜಿ. ಐದು ವರ್ಷ ಆಗಿರ್ಬೇಕಂತೆ."

"ಹಾಗಾದ್ರೆ ಈಗ ಹಾಕಲ್ಲ. ಟಿಕೆಟ್ ಇಲ್ಲದವರನ್ನ ಜೀವಮಾನವಿಡೀ ಕೆಳಗಿಳಿಸಿದವಳು ನಾನು, ಸುಳ್ಳು ಬರೆಯೋದು ನನ್ನ ಕೈಲಾಗಲ್ಲ." ಗೋಡೆಯ ಕಡೆ ತಿರುಗಿ ಏನೋ ಲೆಕ್ಕ ಹಾಕಿದರು. "ಐದು ವರ್ಷ ಇರ್ತೀನಿ ಬಿಡು. ಅದೇನು ಮಹಾ."

ನಾನು ನಕ್ಕೆ. ಅವರು ನಗಲಿಲ್ಲ. ಮಾರನೆಯ ದಿನ ಮಾತ್ರೆಯನ್ನು ನನ್ನೆದುರೇ ನುಂಗಿ, ಬಾಯಿ ತೆರೆದು ತೋರಿಸಿದರು. ವಾರ ಕಳೆದ ಮೇಲೆ ವಾಕರ್ ಹಿಡಿದು ಕಿಟಕಿಯವರೆಗೆ ನಡೆದರು, ದಾರಿಯುದ್ದಕ್ಕೂ ನನ್ನನ್ನೂ ವಾಕರನ್ನೂ ನಿಮ್ಮ ಇಲಾಖೆಯನ್ನೂ ಬೈಯುತ್ತಾ. ಆರು ತಿಂಗಳು ದಾಟಿತು, ವರ್ಷ ದಾಟಿತು. ಡಾಕ್ಟರು ಹುಬ್ಬೇರಿಸಿ, "ಏನು ಅಜ್ಜಿ, ಇದು ಹೇಗೆ?" ಎಂದರೆ, "ನಂಗೊಂದು ಕೆಲಸ ಬಾಕಿ ಇದೆ," ಎಂದಷ್ಟೇ ಹೇಳಿ ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದರು. ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದಾಗ, ಮುಖದ ಮೇಲಿನ ಮಾಸ್ಕನ್ನು ಸರಿಸಿ ಕೇಳಿದ ಮೊದಲ ಮಾತು, "ಇನ್ನೆಷ್ಟು ದೂರ ಇದೆ?" ಎಂದು. "ಅರ್ಧ ದಾರಿ ಬಂದಿದ್ದೀವಿ," ಎಂದೆ. "ಸರಿ, ಎಬ್ಬಿಸು," ಎಂದರು. ನನ್ನ ಸಲುವಾಗಿ ಒಂದು ಜೀವ ಹಟ ಹಿಡಿದು ಬದುಕಿತ್ತು, ಮಾನ್ಯರೇ. ಹೆತ್ತ ತಾಯಿಯ ನಂತರ ನನಗೆ ಆ ಭಾಗ್ಯ ಸಿಕ್ಕಿದ್ದು ಅದೊಂದೇ ಸಲ. ಆ ನಾಲ್ಕು ವರ್ಷ ನಾನು ಒಂಟಿಯಾಗಿರಲಿಲ್ಲ.

ಐದನೆಯ ವರ್ಷದ ನಡುವೆ ಅವರಿಗೇ ಗೊತ್ತಾಯಿತು. ಒಂದು ಬೆಳಿಗ್ಗೆ ತಲೆ ಬಾಚುತ್ತಿದ್ದೆ. "ಅರ್ಜಿ ತಗೊಂಡು ಬಾ," ಎಂದರು.

"ಇನ್ನೂ ಆಗಿಲ್ಲ ಅಜ್ಜಿ. ಕೆಲವು ತಿಂಗಳು ಇದೆ."

"ನಂಗೊತ್ತು. ನನ್ನ ಕೈಲಿ ಆಗಲ್ಲ ಕಣೇ ಇನ್ನು." ಮೊದಲ ಸಲ ಅವರು ಅತ್ತಿದ್ದನ್ನು ನೋಡಿದೆ. ಆಮೇಲೆ ಹೇಳಿದರು: "ನನ್ನ ಸರ್ವೀಸಲ್ಲಿ ಒಬ್ಬನ್ನ ಬಿಟ್ಟಿದ್ದೆ, ಗೊತ್ತಾ? ಒಂದು ಸ್ಟೇಷನ್ನಿಗೆ ಸಾಲ್ತಿರಲಿಲ್ಲ ಅವನ ಟಿಕೆಟ್ಟು. ಅಷ್ಟು ದೂರದಿಂದ ಬಂದವನನ್ನ ಮನೆ ಹತ್ತಿರ ಬಂದಾಗ ಇಳಿಸೋಕೆ ಮನಸ್ಸು ಬರಲಿಲ್ಲ. ಆ ಕಚೇರೀಲೂ ಮನುಷ್ಯರೇ ಕೂತಿರ್ತಾರೆ. ಕಳಿಸು."

ಇದ್ದದ್ದನ್ನೇ ಬರೆದು ಸಹಿ ಹಾಕಿದರು, ನಾಲ್ಕೂವರೆ ವರ್ಷದಿಂದ ಬಲ್ಲೆ ಎಂದು. ಬೇಕಾಗಿದ್ದರೆ ಐದು ಎಂದು ಬರೆಯಬಹುದಿತ್ತು, ಬರೆಯಲಿಲ್ಲ. ಮುಂದಿನ ತಿಂಗಳು ಮಧ್ಯಾಹ್ನದ ಹೊತ್ತು, ದಿಂಬು ಸರಿಮಾಡುತ್ತಿದ್ದಾಗ ಅವರು ಹೋದರು. ನಿಮ್ಮ ಪತ್ರ ಆಮೇಲೆ ಬಂತು. ಪರಿಚಯದ ಅವಧಿ ಸಾಲದು, ಮೇಲಾಗಿ ಪರಿಚಿತರು ಈಗ ಜೀವಂತವಾಗಿಲ್ಲ, ಆದ್ದರಿಂದ ತಿರಸ್ಕರಿಸಲಾಗಿದೆ. ಅಜ್ಜಿ ಮನುಷ್ಯರ ಬಗ್ಗೆ ತಪ್ಪು ತಿಳಿದದ್ದನ್ನು ನಾನು ಕಂಡಿದ್ದು ಇದೊಂದೇ ವಿಷಯದಲ್ಲಿ.

ಈಗ ಬಾಡಿಗೆಯ ಕೋಣೆಯಲ್ಲಿದ್ದೇನೆ. ಒಂದು ಮಂಚ, ಒಂದು ಕುರ್ಚಿ, ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ಮಲಗಿದವರಿಗೆ ಎಚ್ಚರವಾದೀತೆಂದು ಬಾಗಿಲನ್ನು ಇವತ್ತಿಗೂ ಸದ್ದಿಲ್ಲದೆ ತೆರೆಯುತ್ತೇನೆ. ಒಳಗಿನಿಂದ "ಬಂದ್ಯಾ?" ಎನ್ನುವವರು ಯಾರೂ ಇಲ್ಲ. ಎತ್ತಿ ಎತ್ತಿ ಸೊಂಟ ಬಿದ್ದುಹೋಗಿದೆ, ಏಜೆನ್ಸಿಯವರು ಹೊಸ ಮನೆ ಕೊಡುವುದಿಲ್ಲ ಎಂದಿದ್ದಾರೆ. ಇನ್ನೊಂದು ತಿಂಗಳಿಗೆ ವೀಸಾ ಮುಗಿಯುತ್ತದೆ. ಊರಿನಲ್ಲಿರುವ ತಂಗಿ, "ಬಂದ್ಬಿಡಕ್ಕಾ, ಹೇಗೋ ಆಗುತ್ತೆ," ಎನ್ನುತ್ತಾಳೆ. ಹಿಂದೆಯೇ ಫೋನಿಗೆ ಕೈ ಅಡ್ಡ ಹಿಡಿದು ಗಂಡನನ್ನು ಏನೋ ಕೇಳುತ್ತಾಳೆ. ಎರಡು ಕೋಣೆಯ ಮನೆ, ಬೆಳೆದ ಮಕ್ಕಳು. ಆ ಮಕ್ಕಳಿಗೆ ನಾನು ಫೋನಿನೊಳಗಿನ ದೊಡ್ಡಮ್ಮ. ನನ್ನ ಜನ ಅಂತ ಇರುವವರೆಲ್ಲ ಈ ಊರಿನ ಮಣ್ಣಿನಲ್ಲಿದ್ದಾರೆ. ರಜೆಯಲ್ಲಿ ಅವರ ಸಮಾಧಿಗಳ ಕಳೆ ಕೀಳುವವಳು ನಾನೊಬ್ಬಳೇ. ನನ್ನನ್ನು ಕಳಿಸಿದರೆ ಅದಕ್ಕೂ ಯಾರೂ ಇರುವುದಿಲ್ಲ.

ಹಾಗೆಂದು ಒಂದು ಸ್ಟೇಷನ್ನಿನ ರಿಯಾಯಿತಿ ಕೇಳುತ್ತಿಲ್ಲ. ಅಜ್ಜಿ ಹೋದ ಮೇಲೆ ಈ ಕೋಣೆಯಲ್ಲಿ ಕೂತು, ಹದಿನಾಲ್ಕು ವರ್ಷದಿಂದ ನನ್ನನ್ನು ಬಲ್ಲವರು ಬದುಕಿರುವವರಲ್ಲಿ ಯಾರಾದರೂ ಉಂಟೇ ಎಂದು ಯೋಚಿಸಿದೆ. ಒಬ್ಬರು ಹೊಳೆದರು. ಪ್ರತಿ ವರ್ಷವೂ ನನ್ನ ಮುಖದ ಫೋಟೊ ತೆಗೆಸಿಕೊಂಡವರು. ಕೂದಲು ಯಾವ ವರ್ಷ ನೆರೆಯಿತು, ಕನ್ನಡಕ ಯಾವಾಗ ಬಂತು ಎಂಬುದು ಅವರ ಹತ್ತಿರ ಸಾಲಾಗಿ ಇದೆ. ನನ್ನ ಹತ್ತು ಬೆರಳ ಗುರುತು, ಬಲಗಡೆ ಕತ್ತಿನ ಮಚ್ಚೆ, ಅಪ್ಪ ಹುಟ್ಟಿದ ಊರು ಅವರಿಗೆ ಗೊತ್ತು. ಮದುವೆಯಾಯಿತೇ ಎಂದು ವರ್ಷಾ ವರ್ಷ ತಪ್ಪದೆ ವಿಚಾರಿಸಿದವರು ಅವರೊಬ್ಬರೇ, ನನ್ನ ತಂಗಿಯೂ ಕೇಳುವುದನ್ನು ಬಿಟ್ಟು ಕಾಲವಾಯಿತು. ನಾನು ನೋಡಿಕೊಂಡವರಲ್ಲಿ ಯಾರು ಯಾವ ದಿನ ತೀರಿಕೊಂಡರು ಎಂದು ನನ್ನ ಬಿಟ್ಟರೆ ಅವರಿಗೆ ಮಾತ್ರ ತಿಳಿದಿದೆ. ನನ್ನ ತಾಯಿಯ ಹೆಸರನ್ನು ಈ ದೇಶದಲ್ಲಿ ಕೇಳಿದವರು ಇನ್ನಾರೂ ಇಲ್ಲ. ಅವರು ರಕ್ತಸಂಬಂಧಿಯಲ್ಲ, ಈ ದೇಶದ ಪ್ರಜೆ, ಐದಕ್ಕಿಂತ ಹೆಚ್ಚು ವರ್ಷಗಳ ಪರಿಚಯ, ದೇವರ ದಯೆಯಿಂದ ಜೀವಂತವಾಗಿದ್ದಾರೆ.

ಅವರು ನೀವು, ಮಾನ್ಯರೇ. ಅರ್ಜಿಯನ್ನು ಮೂರನೆಯ ಸಲ ಕಳಿಸುತ್ತಿದ್ದೇನೆ. ಪರಿಚಿತರ ಹೆಸರಿನ ಜಾಗದಲ್ಲಿ ನಿಮ್ಮ ಹುದ್ದೆಯನ್ನು ಬರೆದು, ಕೆಳಗಿನ ಗೆರೆಯನ್ನು ಖಾಲಿ ಬಿಟ್ಟಿದ್ದೇನೆ. ಸಹಿ ಹಾಕಿ. ಹಾಕುವುದಿಲ್ಲವೆಂದರೆ, ಇಷ್ಟೆಲ್ಲ ಕೇಳಿ ತಿಳಿದುಕೊಂಡ ಮೇಲೂ ಇವಳನ್ನು ನಾನರಿಯೆ ಎಂದು ಆ ಗೆರೆಯ ಮೇಲೆ ನಿಮ್ಮ ಕೈಯಾರೆ ಬರೆದು ಕಳಿಸಿ.

ಇಂತಿ,
ಹದಿನಾಲ್ಕು ವರ್ಷಗಳಿಂದ ನಿಮ್ಮ ಪರಿಚಯದವಳು