ಎರಡು ಎಸಳೋ, ಮೂರೋ

ಮಾರ್ಚ್ ೯, ಭಾನುವಾರ

ನನ್ನ ಬಾಯಿಬಡುಕಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಹೋದ ತಿಂಗಳು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕೂತು ನನ್ನ ಅರ್ಧ ಮಾತನ್ನು ತಾವೇ ಆಡಿ ಮುಗಿಸುತ್ತಾರೆ, ಉಳಿದರ್ಧಕ್ಕೆ ಕಣ್ಣೊರೆಸಿಕೊಳ್ಳುತ್ತಾರೆ. ಈಗ ಗುಂಡಿ, ದಾರ ತರಲು ಪೇಟೆಗೆ ಹೋಗಿದ್ದಾರೆ. ಅವರ ಹೊಲಿಗೆ ಮೇಜಿನ ಮೇಲಿದ್ದ ಬಟ್ಟೆ ಚೂರುಗಳನ್ನು ಸರಿಸಿ ಬರೆಯಲು ಕೂತಿದ್ದೇನೆ.

ಅಮ್ಮನಿಗೆ ತಲೆ ಸುತ್ತಿತು, ಡಾಕ್ಟರಿಗೆ ತೋರಿಸಿದರು ಎಂದಷ್ಟೇ ನಿನಗೆ ಗೊತ್ತು. ನಡೆದದ್ದು ಹೀಗೆ. ರೈಲು ಸೇತುವೆಯ ಕೆಳಗಿನ ಸಿಗ್ನಲ್‌ನಲ್ಲಿ ಬಸ್ಸು ನಿಲ್ಲಿಸಿದ್ದೆ. ಇದ್ದಕ್ಕಿದ್ದಂತೆ ಕಣ್ಣಿಗೆ ಕತ್ತಲೆ ಕವಿಯಿತು. ಹಿಂದಿನ ಗಾಡಿಯವನು ಹಾರನ್ ಹೊಡೆದಾಗಲೇ ನನಗೆ ಎಚ್ಚರ. ಪುಣ್ಯಕ್ಕೆ ಕಾಲು ಬ್ರೇಕಿನ ಮೇಲೆಯೇ ಇತ್ತು. ಬಸ್ಸಿನ ತುಂಬ ಜನ, ಯಾರಿಗೂ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಎದೆಯ ಮೇಲೆ ಯಂತ್ರ ಆಡಿಸಿ ನೋಡಿದರು. ಹೃದಯದಿಂದ ರಕ್ತ ಹೊರಗೆ ಹೋಗುವ ಬಾಗಿಲಲ್ಲಿ ಒಂದು ವಾಲ್ವು, ಅದಕ್ಕೆ ಮೂರು ಎಸಳು ಇರಬೇಕಂತೆ. ನನ್ನದು ಸರಿಯಾಗಿ ತೆರೆಯುವುದಿಲ್ಲ, ಸರಿಯಾಗಿ ಮುಚ್ಚುವುದೂ ಇಲ್ಲ. ಮೊದಲ ಡಾಕ್ಟರು "ಹುಟ್ಟಿದಾಗಿಂದಲೂ ಇರೋದೇ ಎರಡು ಎಸಳು" ಅಂದರು. ಎರಡನೆಯವರು "ಮೂರೂ ಇವೆ, ಚಿಕ್ಕಂದಿನಲ್ಲಿ ಜ್ವರ ಬಂದು ಎರಡು ಅಂಟಿಕೊಂಡಿವೆ" ಅಂದರು. ಮೂರನೆಯವರು ಕನ್ನಡಕ ತೆಗೆದು, ಹಾಕಿ, ಪರದೆ ನೋಡಿ, "ಸ್ಪಷ್ಟವಾಗಿ ಕಾಣ್ತಿಲ್ಲಮ್ಮ, ಸ್ವಲ್ಪ ದಿನ ಕಾದು ನೋಡೋಣ" ಅಂದರು. ಕಣ್ಣು ಕತ್ತಲೆ ಬಂದದ್ದು ಇದರಿಂದಲೇ ಎಂದೂ ಯಾರೂ ಖಚಿತವಾಗಿ ಹೇಳಲಿಲ್ಲ. ನಿಮ್ಮಪ್ಪ ತಡೆಯಲಾರದೆ, "ಒಂದು ಅಳತೆ ಅಂತ ಹೇಳಿ ಸಾರ್, ಅಂದಾಜಿನ ಮೇಲೆ ಕತ್ತರಿ ಹಾಕೋಕಾಗಲ್ಲ" ಅಂದರು.

"ಅದಕ್ಕೇ ನಾನೂ ಹಾಕ್ತಿಲ್ಲ" ಅಂದರು ಡಾಕ್ಟರು.

ನಿನ್ನ ದೊಡ್ಡ ಮಾವನನ್ನು ಕೇಳಿದೆ. "ಜ್ವರ ಬಂದು ಮಂಡಿ ಊದಿದ್ದು ನೆನಪಿದೆ ಕಣೆ. ಆದ್ರೆ ಅದು ನಿಂಗೋ, ತೀರಿಹೋದ ಚಿಕ್ಕವಳಿಗೋ..." ಅಂದ. ನಮ್ಮಮ್ಮ ಇದ್ದಿದ್ದರೆ ಹೇಳುತ್ತಿದ್ದಳು.

ಡಿಪೋದಲ್ಲಿ ನನ್ನ ಕಂಡಕ್ಟರ್ ಗೆಳತಿಗೆ ಮಾತ್ರ ಹೇಳಿದೆ. ಅವಳು, "ಡಾಕ್ಟ್ರಿಗೇ ಗೊತ್ತಿಲ್ವಂತೆ, ನಿಂಗ್ಯಾಕೆ ಇಲ್ಲದ ಉಸಾಬರಿ? ಬಾಯಿಗೆ ಬೀಗ ಹಾಕ್ಕೊಂಡು ಗಾಡಿ ಓಡ್ಸು. ಇಲ್ಲಿನ ಮೊದಲ ಹೆಣ್ಣು ಡ್ರೈವರ್ ನೀನು. ನೀನೇ ಕೆಳಗಿಳಿದ್ರೆ, ನೋಡಿ, ಹೆಂಗಸರ ಕೈಲಾಗಲ್ಲ ಅಂತ ಆವತ್ತೇ ಹೇಳಿದ್ವಿ ಅಂತಾರೆ" ಅಂದಳು. ಆ ಮಾತು ನಾಟಿತು. ಆದರೆ ಕಣ್ಣು ಮುಚ್ಚಿದರೆ ಸಾಕು, ಬಸ್ಸಿನ ಒಳಗನ್ನಡಿಯಲ್ಲಿ ದಿನಾ ಕಾಣುವ ಮುಖಗಳು. ಕಿಟಕಿಗೆ ತಲೆಯಾನಿಸಿ ತೂಕಡಿಸುವ ನರ್ಸು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜ. ನನ್ನನ್ನು ನಂಬಿ ನಿದ್ದೆ ಮಾಡುವ ಜನ ಅವರು.

ಮ್ಯಾನೇಜರ ಮುಂದೆ ಹೋಗಿ ನಿಂತೆ. "ಸಾರ್, ಈ ಎದೆಯ ಸಂಗತಿ ಏನು ಅಂತ ಗೊತ್ತಾಗೋವರೆಗೂ ನಾನು ಸ್ಟಿಯರಿಂಗ್ ಮುಟ್ಟಲ್ಲ" ಅಂದೆ. ಅವರು ಪೆನ್ನು ಕೆಳಗಿಟ್ಟರು. "ರಜೆ ಬೇಕು ಅಂತ ಇಲ್ಲದ ಕಾಯಿಲೆ ಹೇಳ್ಕೊಂಡು ಬರೋರನ್ನ ದಿನಾ ನೋಡ್ತೀನಿ. ಇರೋ ಕಾಯಿಲೆ ತಾವೇ ಹೇಳ್ಕೊಂಡು ಬಂದೋರು ನೀವೇ ಮೊದಲು. ನಿಮ್ಮನ್ನ ಏನಮ್ಮ ಮಾಡ್ಲಿ ನಾನು?" ಅಂದರು. ಮರುದಿನ ಕರೆದು, ಹೊಸದಾಗಿ ಸೇರಿದ ಹುಡುಗಿಯರಿಗೆ ಕಲಿಸುವ ಕೆಲಸ ಕೊಟ್ಟರು.

ಅವರಲ್ಲೊಬ್ಬಳಿಗೆ ಎಲ್ಲರೂ ಪಟಾಕಿ ಎನ್ನುತ್ತಾರೆ, ಮಾತು ಹಾಗೆ. ಮೊನ್ನೆ ಅವಳು ಮೊದಲ ಸಲ ಜನ ತುಂಬಿದ ಬಸ್ಸು ಓಡಿಸಿದಳು. ಮಾರುಕಟ್ಟೆಯ ಇಕ್ಕಟ್ಟಿನ ತಿರುವಿನಲ್ಲಿ ಯಾವನೋ ವ್ಯಾನು ಅಡ್ಡ ನಿಲ್ಲಿಸಿ ಹೋಗಿದ್ದ. ನಾನು ಪಕ್ಕದ ಸೀಟಿನ ಕಂಬಿ ಹಿಡಿದುಕೊಂಡೆ. ಅವಳು ಒಂದೂ ಹಾರನ್ ಹೊಡೆಯದೆ ಹಿಂದೆ ಸರಿದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಸ್ಸನ್ನು ದಾಟಿಸಿಬಿಟ್ಟಳು! ಇಳಿಯುವಾಗ ಒಬ್ಬ ಅಜ್ಜಿ, "ಎಷ್ಟು ಚೆನ್ನಾಗಿ ಓಡಿಸ್ತೀಯಮ್ಮ, ಯಾರು ಕಲಿಸಿದ್ದು?" ಎಂದು ಕೇಳಿದರು.

"ಅಲ್ಲಿ ಕೂತು ಇಲ್ಲದ ಬ್ರೇಕ್ ತುಳೀತಿದಾರಲ್ಲ, ಅವರೇ" ಅಂದಳು.

ಬಸ್ಸೆಲ್ಲ ನಕ್ಕಿತು. ನಾನು ಕೆಳಗೆ ನೋಡಿದರೆ ನನ್ನ ಬಲಗಾಲು ನಿಜವಾಗಿಯೂ ನೆಲವನ್ನು ಒತ್ತಿ ಹಿಡಿದಿತ್ತು. ಜಂಬ ಅಂದುಕೊಂಡರೂ ಸರಿ, ಹೇಳಿಯೇ ಹೇಳುತ್ತೇನೆ. ಇಷ್ಟು ವರ್ಷ ನಾನು ಓಡಿಸಿದ ಬಸ್ಸಿನಿಂದ ಒಂದು ಬೀದಿನಾಯಿಗೂ ಗಾಯವಾಗಿಲ್ಲ. ಕೆಳಗಿಳಿದದ್ದೂ ನಾನಾಗಿಯೇ, ಯಾರೂ ಇಳಿಸಿದ್ದಲ್ಲ. ಅಂದು ಮನೆಗೆ ತಲೆಯೆತ್ತಿ ನಡೆದು ಬಂದೆ.

ಉಳಿದಂತೆ ಚೆನ್ನಾಗಿದ್ದೇನೆ. ಮಹಡಿ ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ನಿಮ್ಮಪ್ಪ ಮೆಟ್ಟಿಲ ತಿರುವಿನಲ್ಲಿ ಸ್ಟೂಲಿಟ್ಟು, ಅದಕ್ಕೊಂದು ಮೆತ್ತೆ ಹೊಲಿದು ಹಾಕಿದ್ದಾರೆ. ಈಗ ಕಟ್ಟಡದ ಮುದುಕರೆಲ್ಲ ಸರದಿಯ ಮೇಲೆ ಅಲ್ಲೇ ಕೂತು ಹರಟುತ್ತಾರೆ. ನನಗೇ ಜಾಗವಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ದಾರಿ ಸುಗಮವಾಗಲಿ, ಕೈಗೆತ್ತಿಕೊಂಡದ್ದೆಲ್ಲ ಗೆಲ್ಲಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಒಂದು ಮಾತು ಉಳಿದಿದೆ. ಜ್ವರದಿಂದ ಆದದ್ದಾದರೆ ಇದು ನನ್ನೊಬ್ಬಳ ಕಾಯಿಲೆ. ಹುಟ್ಟಿನಿಂದ ಬಂದದ್ದಾದರೆ ಮಕ್ಕಳಿಗೂ ಇರಬಹುದು, ಮಗಳ ಎದೆಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿಬಿಡಿ ಎಂದಿದ್ದಾರೆ ಡಾಕ್ಟರು. ಡಿಪೋದಲ್ಲಿ ಅಷ್ಟು ಧೈರ್ಯವಾಗಿ ಮಾತಾಡಿದವಳಿಗೆ ಇದನ್ನು ನಿನಗೆ ಹೇಳಲು ನಾಲಿಗೆ ಹೊರಳಲಿಲ್ಲ. ನಿನ್ನ ಉದ್ದ ಬೆರಳು, ಗುಂಗುರು ಕೂದಲು, ಆ ಮೊಂಡು ಹಟ, ಎಲ್ಲ ನಾನೇ ಕೊಟ್ಟದ್ದು ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ಬೀಗಿದವಳು ನಾನು. ಇದನ್ನೂ ಕೊಟ್ಟಿದ್ದೇನೋ ಏನೋ, ಮಗಳೇ. ಒಬ್ಬಳೇ ಆಸ್ಪತ್ರೆಗೆ ಹೋಗಬೇಡ. ಯಾವ ದಿನ ಅಂತ ಹೇಳು, ನಾನು ಬರುತ್ತೇನೆ.