ಹತ್ತನೇ ಮಹಡಿಯ ಅಜ್ಜಿ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ನಾದಿನಿ ಗೀಚಮ್ಮನಿಗೆ,

ನಿನ್ನ ಅತ್ತಿಗೆಯ ಆಶೀರ್ವಾದಗಳು ಎಂದು ಬರೆಯಲು ಹೊರಟು ನಿಲ್ಲಿಸಿದ್ದೇನೆ. ಪತ್ರ ಪೂರ್ತಿ ಓದಿದ ಮೇಲೆ ಅದು ಬೇಕೋ ಬೇಡವೋ ನೀನೇ ಹೇಳು.

ಮೊದಲು ಸಿಹಿ. ನಮ್ಮ ಅಜ್ಜಿ ಬದುಕಿದ್ದಾಳೆ ಕಣೇ! ಹನ್ನೊಂದು ವರ್ಷದ ಹಿಂದೆ ನಾನು ಕಥೆ ಬರೆದು, ನೀನು ಚಿತ್ರ ಬಿಡಿಸಿ, ಪತ್ರಿಕೆಯವರು ಬೇಡವೆಂದು ವಾಪಸು ಕೊಟ್ಟರಲ್ಲ, ಅದೇ ಚಿತ್ರಕಥೆಯ ಲಿಫ್ಟ್ ಅಜ್ಜಿ. ಒಂಬತ್ತೇ ಮಹಡಿಯ ಕಟ್ಟಡದಲ್ಲಿ, ಬೇಸತ್ತು ಬಂದವರನ್ನು ಇಲ್ಲದ ಹತ್ತನೇ ಮಹಡಿಗೆ ಕರೆದೊಯ್ಯುವವಳು. ಈಗ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಠಿಕಾಣಿ ಹೂಡಿದ್ದಾಳೆ.

ಆದದ್ದು ಇಷ್ಟು. ನಮ್ಮ ಚಿಕ್ಕವಳಿಗೆ ಕಿವಿನೋವು. ಕ್ಲಿನಿಕ್ಕಿನಲ್ಲಿ ಅವಳ ರಂಪ ತಡೆಯಲಾರದೆ ನಮ್ಮ ಹಳೆಯ ಆರು ಪುಟಗಳ ಜೆರಾಕ್ಸನ್ನು ಕೈಗೆ ಕೊಟ್ಟೆ. ಮಾತಿನ ಗುಳ್ಳೆಗಳೆಲ್ಲ ಖಾಲಿ ಇದ್ದವಲ್ಲ, ಪೆನ್ಸಿಲ್ ತೆಗೆದುಕೊಂಡು ತುಂಬಲು ಕೂತಳು. ಅವಳು ಬರೆದಂತೆ ಲಿಫ್ಟ್ ಅಜ್ಜಿ ಬಾಗಿಲಲ್ಲಿ ನಿಂತು, "ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡ ಅಂತ ಎಷ್ಟು ಸಲ ಹೇಳೋದು!" ಎನ್ನುತ್ತಾಳೆ. ಅದು ನನ್ನದೇ ಬಾಯಿ ಎಂದು ನಿನಗೆ ಹೇಳಬೇಕಾಗಿಲ್ಲ. ಪಕ್ಕದ ಮಕ್ಕಳು ನನಗೂ ನನಗೂ ಎಂದು ಮುಗಿಬಿದ್ದರು. ಚೀಟಿ ಕೊಡುವಾಕೆ ಇನ್ನಷ್ಟು ಜೆರಾಕ್ಸ್ ಮಾಡಿಸಿ ಇಟ್ಟಳು. ಇಂಜೆಕ್ಷನ್ ಇಲ್ಲದ ಮಹಡಿಗೆ ಕರ್ಕೊಂಡು ಹೋಗಿ ಎಂದು ಒಬ್ಬ ಬರೆದಿದ್ದಾನೆ. ಇನ್ನೊಬ್ಬಳು ಇಲ್ಲದ ಹೊಟ್ಟೆನೋವು ಹೇಳಿಕೊಂಡು ಅಜ್ಜಿಯನ್ನು ನೋಡಲು ಮೂರು ಸಲ ಬಂದಳಂತೆ. ಔಷಧಿಗಿಂತ ನಿಮ್ಮ ಅಜ್ಜಿಗೇ ಬೇಡಿಕೆ ಜಾಸ್ತಿ ಕಣ್ರೀ, ಎರಡನೇ ಕಂತು ಎಲ್ಲಿ ಎಂದು ಡಾಕ್ಟರು ನನ್ನ ಬೆನ್ನು ಹತ್ತಿದ್ದಾರೆ.

ಎರಡನೇ ಕಂತಿಗೆ ನೀನು ಬೇಕು. ನಿನ್ನನ್ನು ಕರೆಯುವ ಮೊದಲು ಒಂದು ಮಾತು ಹೇಳಲೇಬೇಕು. ಇನ್ನು ಕಹಿ.

ನೀನು ಪತ್ರಿಕೆಯ ಕಚೇರಿಗೆ ಹೊರಟ ಆ ಬೆಳಿಗ್ಗೆ ನೆನಪಿದೆಯಲ್ಲ? ಚಿತ್ರದ ಹಾಳೆಗಳು ಒಂದು ಕಡೆ, ಅವುಗಳ ಮೇಲೆ ಹೊದಿಸಲು ನನ್ನ ಮಾತುಗಳನ್ನೆಲ್ಲ ಬರೆದಿದ್ದ ಪಾರದರ್ಶಕ ಹಾಳೆಗಳು ಇನ್ನೊಂದು ಕಡೆ. ಎರಡನ್ನೂ ಲಕೋಟೆಗೆ ಸೇರಿಸಿ ನೀನು ತಲೆ ಬಾಚಿಕೊಳ್ಳಲು ಹೋದೆ. ಕೊನೆಯ ಚೌಕದಲ್ಲಿ ಅಜ್ಜಿ ಮೊದಲ ಬಾರಿಗೆ ತಾನೇ ಲಿಫ್ಟಿನಿಂದ ಇಳಿದು ಹತ್ತನೇ ಮಹಡಿಯನ್ನು ನೋಡುತ್ತಾಳಲ್ಲ, ಅಲ್ಲಿ ಅವಳೊಂದು ಮಾತಾಡಲೇಬೇಕು ಎಂದು ನನ್ನ ಹಟ. "ಬೇಡ ಅತ್ತಿಗೆ, ಅವಳು ಸುಮ್ನೆ ನೋಡ್ಲಿ ಬಿಡಿ" ಎಂದು ನಿನ್ನ ಹಟ. ಗುಳ್ಳೆಗೆ ಜಾಗವನ್ನೇ ಬಿಟ್ಟಿರಲಿಲ್ಲ ನೀನು, ಕಿಲಾಡಿ! ನೀನು ಕನ್ನಡಿಯ ಮುಂದಿದ್ದಾಗ ನಾನು ಪಾರದರ್ಶಕ ಹಾಳೆಗಳನ್ನು ಮೆಲ್ಲಗೆ ಹೊರಗೆಳೆದು, ಅಜ್ಜಿಯ ತಲೆಯ ಮೇಲೆ "ಅಂತೂ ನಾನೂ ಬಂದೆ" ಎಂದು ಬರೆದೆ. ಶಾಯಿ ಆರಲಿ ಎಂದು ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಹಾಲು ಉಕ್ಕಿತು. ನಾನು ಒಲೆಯ ಕಡೆ ಓಡಿದೆ, ನೀನು ಲಕೋಟೆ ಎತ್ತಿಕೊಂಡು ಬಸ್ಸಿನ ಕಡೆ ಓಡಿದೆ.

ಬಾಯೇ ಬಿಡದ ಅಜ್ಜಿಯನ್ನು ಯಾರು ಓದ್ತಾರಮ್ಮ ಎಂದು ಸಂಪಾದಕರು ನಕ್ಕರಂತೆ. ಮರುವಾರ ಹಾಳೆಗಳನ್ನು ತಲುಪಿಸುವಷ್ಟರಲ್ಲಿ ನಮ್ಮ ಜಾಗ ಯಾವನೋ ಹಾರುವ ಪೈಲ್ವಾನನ ಚಿತ್ರಕಥೆಯ ಪಾಲಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನೀನು ಅಳುತ್ತಾ ಬಂದು, "ಇಟ್ಟಿದ್ದೆ ಅಂದ್ಕೊಂಡಿದ್ದೆ ಅತ್ತಿಗೆ, ಎಲ್ಲಾ ನನ್ನಿಂದ ಹಾಳಾಯ್ತು" ಎಂದಾಗ ನಾನು ಹೇಳಿದ್ದು ಎರಡೇ ಮಾತು: ಹೋಗ್ಲಿ ಬಿಡು. ಅಷ್ಟಕ್ಕೇ ಮನೆಮಂದಿಯೆಲ್ಲ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ನಿನ್ನ ಮದುವೆಯಲ್ಲೂ ಬೀಗರೆದುರು, ನಮ್ಮತ್ತಿಗೆಯ ಮನಸ್ಸು ದೊಡ್ಡದು ಎಂದು ನೀನು ಅದೇ ಕಥೆ ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹನ್ನೊಂದು ವರ್ಷದಿಂದ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೇನೆ.

ಮೊದಮೊದಲು ನಾಳೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಹೊಗಳಿಕೆಯ ರುಚಿ ಹತ್ತಿತು. "ನನ್ನನ್ನು ನಂಬಿದರೆ ಕೆಲಸ ಕೆಡುತ್ತದೆ" ಎಂದುಕೊಂಡು ನೀನು ಕಥೆಗಳಿಗೆ ಚಿತ್ರ ಬಿಡಿಸುವುದನ್ನೇ ಬಿಟ್ಟು, ಪಠ್ಯಪುಸ್ತಕಕ್ಕೆ ಕಪ್ಪೆಯ ಕರುಳು ಬಿಡಿಸುತ್ತಾ ಕೂತಾಗಲೂ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ನನಗೆ ನಿಜಕ್ಕೂ ನಾಚಿಕೆಯಾಗುತ್ತದೆ. ನೀನು ಏನನ್ನೂ ಮರೆತಿರಲಿಲ್ಲ, ಗೀಚಮ್ಮ. ತಪ್ಪು ನನ್ನದು.

ನಿನ್ನೆ ನಿನ್ನ ಅಣ್ಣನಿಗೆ ಎಲ್ಲ ಹೇಳಿದೆ. "ನಿನ್ನ ದೊಡ್ಡ ಮನಸ್ಸಿಗೆ ಮೆಚ್ಚಿ ಎಷ್ಟು ವರ್ಷ ಪಾತ್ರೆ ತೊಳ್ದಿದೀನಿ ಗೊತ್ತೇನೇ!" ಎಂದು ಬಿದ್ದು ಬಿದ್ದು ನಕ್ಕರು. ಇವತ್ತಿನಿಂದ ಪಾತ್ರೆ ನನ್ನ ಪಾಲಿಗೆ.

ಹೊಟ್ಟೆ ತುಂಬ ಬೈ. ಬೈದು ಮುಗಿದ ಮೇಲೆ ಪೆನ್ಸಿಲ್ ಹಿಡಿ. ಕಾಸು ಹುಟ್ಟುವುದಿಲ್ಲ, ಪತ್ರಿಕೆಯಲ್ಲಿ ಬರುವುದಿಲ್ಲ, ಕ್ಲಿನಿಕ್ಕಿನ ಬೆಂಚೇ ಗತಿ. ಆದರೂ ಅಲ್ಲಿ ಮಕ್ಕಳು ನಗುವುದನ್ನು ನೀನೊಮ್ಮೆ ಬಂದು ಕೇಳಬೇಕು. ಕಪ್ಪೆಗಳು ಒಂದು ವಾರ ಕಾಯುತ್ತವೆ ಬಿಡು.

ನಿನ್ನ ಬೈಗುಳಕ್ಕೆ ಕಿವಿ ತೆರೆದು ಕೂತಿರುವ,
ಅಷ್ಟೇನೂ ದೊಡ್ಡ ಮನಸ್ಸಿನವಳಲ್ಲದ
ನಿನ್ನ ಅತ್ತಿಗೆ

ತಾ.ಕ.: ಪಾರದರ್ಶಕ ಹಾಳೆಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ, ಇವೆಯೋ ಇಲ್ಲವೋ ಎಂದು ಮೂರು ಸಲ ನೋಡಿದ್ದೇನೆ. ಕೊನೆಯ ಚೌಕದ ಆ ಸಾಲನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಯಾಕೆಂದರೆ ನಿನ್ನೆ ಕ್ಲಿನಿಕ್ಕಿನಲ್ಲಿ ಮಕ್ಕಳು ಬರೆದ ಅರವತ್ತೆರಡು ಪ್ರತಿಗಳನ್ನೂ ತಿರುವಿ ನೋಡಿದೆ. ಗುಳ್ಳೆ ಸಾಲದೆ ಗೋಡೆ, ಬಾಗಿಲುಗಳ ಮೇಲೂ ಬರೆದಿದ್ದಾರೆ, ಕೊನೆಯ ಚೌಕವನ್ನು ಮಾತ್ರ ಯಾರೂ ಮುಟ್ಟಿಲ್ಲ. ಆ ಸುಳ್ಳು ಹೊಟ್ಟೆನೋವಿನವಳು ಚೌಕದ ಹೊರಗೆ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿದ್ದಾಳೆ: "ಶ್! ಅಜ್ಜಿ ನೋಡ್ತಿದ್ದಾಳೆ."